ಮೊದಲು ಕೂಲಿ ಕೊಡಿ, ಆಮೇಲೆ ಕೌದಿ ದಾನ ಮಾಡಿ

ಇವತ್ತು ಸ್ವಲ್ಪ ಖಾರವಾಗಿಯೇ ಬರೆಯುತ್ತೇನೆ. ಓದಿ ಯಾರಿಗಾದರೂ ಸಿಟ್ಟು ಬಂದರೆ ಮೊದಲು ನನ್ನನ್ನೇ ಬೈಯಿರಿ. ಯಾಕೆಂದರೆ ಇದರಲ್ಲಿ ಮೊದಲ ತಪ್ಪು ಮಾಡಿದವನು ನಾನೇ.

೨೦೨೪ರ ದೀಪಾವಳಿ ಮುಗಿದ ವಾರ. ಬೆಂಗಳೂರಿನಲ್ಲಿ ನನಗೆ ಪರಿಚಯ ಇರುವ ಒಂದು ಗುಂಪಿನವರು ಫೋನ್ ಮಾಡಿದರು. ಶನಿವಾರ ಭಾನುವಾರ ಸಮಾಜಸೇವೆ ಮಾಡುವ ಒಳ್ಳೆಯ ಜನ, ಹೆಸರು ಬೇಡ ಬಿಡಿ. "ನಿಮ್ಮ ಬೆಳಗಾವಿ ಕಡೆ ಕೌದಿ ಹೊಲೀತಾರಲ್ವಾ? ನಾವು ಹಳೇ ಸೀರೆ ಒಟ್ಟುಮಾಡಿ ಕಳಿಸ್ತೀವಿ. ನಿಮ್ಮೂರಿನ ಹೆಂಗಸರು ಸೇವಾಭಾವದಿಂದ ಹೊಲಿದುಕೊಟ್ರೆ ಸಾಕು. ಕಬ್ಬು ಕಡಿಯೋಕೆ ಬಂದಿರೋ ಬಡವರಿಗೆ ಹಂಚೋಣ. ಚಳಿಗಾಲ ಬೇರೆ. ಹೆಂಗಿದೆ ಐಡಿಯಾ?"

"ಸೂಪರ್" ಅಂದೆ. ಅಂದವನೇ ಊರಿಗೆ, ಅಂದರೆ ಚಿಕ್ಕೋಡಿ ತಾಲೂಕಿನ ಕರೋಶಿಗೆ, ಅವ್ವನಿಗೆ ಫೋನ್ ಹಚ್ಚಿದೆ. ಅವ್ವ ಒಂದು ಕ್ಷಣ ಸುಮ್ಮನಿದ್ದು ಕೇಳಿದಳು.

"ಎಷ್ಟ ಬೇಕಂತ?"

"ಹನ್ನೆರಡ."

"ಯಾವಾಗ ಬೇಕಂತ?"

"ಡಿಸೆಂಬರ್ ಕಡೀಕ."

"ಆತು ತಗೋ, ಓಣ್ಯಾಗ ಕೇಳ್ತೀನಿ."

ರೊಕ್ಕದ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎತ್ತಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಆಫೀಸಿನಲ್ಲಿ ಒಂದು ಕೆಲಸ ಬಂದರೆ ಎಷ್ಟು ಗಂಟೆ ಹಿಡಿಯುತ್ತೆ, ಎಷ್ಟು ಜನ ಬೇಕು, ಯಾರ ಖಾತೆಗೆ ಬಿಲ್ ಹಾಕಬೇಕು ಅಂತ ಮೊದಲು ಕೇಳುವವನು ನಾನು. ಅವ್ವನ ಕೆಲಸಕ್ಕೆ ಆ ಲೆಕ್ಕವೇ ತಲೆಗೆ ಬರಲಿಲ್ಲ.

ಆರು ಜನ ಹೆಂಗಸರು, ತಲೆಗೆ ಎರಡರಂತೆ, ಹನ್ನೆರಡು ಕೌದಿ ಹೊಲಿದರು. ಡಿಸೆಂಬರ್ ಕೊನೆಗೆ ಕಾರ್ಯಕ್ರಮ ಆಯ್ತು. ಒಂದು ಚಿಕ್ಕ ಶಾಮಿಯಾನ, ಫ್ಲೆಕ್ಸು, ಮೈಕು, ಶಿರಾ-ಉಪ್ಪಿಟ್ಟು. ಕಬ್ಬಿನ ಗ್ಯಾಂಗಿನ ಹನ್ನೆರಡು ಕುಟುಂಬಗಳನ್ನು ಸಾಲಾಗಿ ನಿಲ್ಲಿಸಿ ಒಂದೊಂದು ಕೌದಿ ಕೊಟ್ಟರು. ಹೊಲಿದ ಆರು ಜನರನ್ನು ಮುಂದೆ ಕರೆದು ತೆಂಗಿನಕಾಯಿ ಕೊಟ್ಟು ಶಾಲು ಹೊದಿಸಿ ಸನ್ಮಾನ ಮಾಡಿದರು. ಕೌದಿ ಹೊಲಿದವರಿಗೆ ಶಾಲು! ಪಾಲಿಯೆಸ್ಟರ್ ಶಾಲು. ಆ ಫೋಟೋ ತೆಗೆದವನೂ ನಾನೇ.

ರಾತ್ರಿ ಮನೆಯಲ್ಲಿ ಅವ್ವ ಕೈಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಾ ಕೂತಿದ್ದಳು. ಸೂಜಿ ಒತ್ತಿ ಒತ್ತಿ ಬೆರಳ ತುದಿಯೆಲ್ಲಾ ಜಡ್ಡುಗಟ್ಟಿತ್ತು. ಸುಮ್ಮನೆ ಮಾತಿಗೆ ಕೇಳಿದಳು. "ಟೆಂಪೋದವಗ ಎಷ್ಟ ಕೊಟ್ರೋ?"

"ಮೂರ್ ಸಾವಿರ."

"ಶಾಮಿಯಾನದವಗ?"

ಹೇಳಿದೆ. ಫ್ಲೆಕ್ಸಿನವನಿಗೆ, ಅಡುಗೆಯವನಿಗೆ, ಮೈಕಿನವನಿಗೆ ಕೊಟ್ಟದ್ದನ್ನೂ ಹೇಳಿದೆ. ಅವಳು ಮುಂದೆ ಏನೂ ಕೇಳಲಿಲ್ಲ. ಎಣ್ಣೆ ಬಾಟಲಿ ಮುಚ್ಚಿ ಎದ್ದು ಹೋದಳು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಡೀ ಕಾರ್ಯಕ್ರಮದಲ್ಲಿ "ನೀನು ಸೇವಾಭಾವದಿಂದ ಮಾಡು" ಅಂತ ಟೆಂಪೋ ಡ್ರೈವರನಿಗೆ ಯಾರೂ ಹೇಳಲಿಲ್ಲ. ಫ್ಲೆಕ್ಸ್ ಪ್ರಿಂಟ್ ಮಾಡಿದವನಿಗೆ ಹೇಳಲಿಲ್ಲ. ಉಪ್ಪಿಟ್ಟು ತಿರುವಿದವನಿಗೆ ಹೇಳಲಿಲ್ಲ. ಅವರೆಲ್ಲರ ಬಿಲ್ಲು ಅವತ್ತೇ ಚುಕ್ತಾ. ಯಾವ ವಸ್ತುವಿಗಾಗಿ ಇಷ್ಟೆಲ್ಲಾ ನಡೆಯಿತೋ ಆ ವಸ್ತುವನ್ನು ಮಾಡಿದ ಆರು ಹೆಂಗಸರಿಗೆ ಮಾತ್ರ ಸೇವಾಭಾವ! ಇದನ್ನು ನಾನು ದಾನ ಅಂತ ಕರೆಯಲಾರೆ. ಬಡವರೊಬ್ಬರ ದುಡಿಮೆಯನ್ನು ಪುಕ್ಕಟೆ ತೆಗೆದುಕೊಂಡು ಇನ್ನೊಬ್ಬ ಬಡವನಿಗೆ ಕೊಟ್ಟು, ನಡುವೆ ನಾವು ಪುಣ್ಯ ಕಟ್ಟಿಕೊಂಡೆವು. ಅಷ್ಟೇ.

ಕೌದಿ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಹಳೆಯ ನೂಲಿನ ಸೀರೆ, ಧೋತರ, ಇವನ್ನೆಲ್ಲಾ ಒಗೆದು, ಬಿಸಿಲಿಗೆ ಒಣಗಿಸಿ, ಅಂಚು ಹರಿದು, ಒಂದರ ಮೇಲೊಂದು ಪದರ ಹಾಸುತ್ತಾರೆ. ಮೇಲಿನ ಪದರಕ್ಕೆ ಬಣ್ಣಬಣ್ಣದ ತುಂಡು ಜೋಡಿಸುತ್ತಾರೆ. ಆಮೇಲೆ ಅಂಚಿನಿಂದ ಶುರುಮಾಡಿ, ಸುತ್ತುತ್ತಾ ಸುತ್ತುತ್ತಾ ಒಳಗೆ ಬರುತ್ತಾ, ಕೈಯಿಂದಲೇ ಸಣ್ಣ ಸಣ್ಣ ಹೊಲಿಗೆ ಹಾಕುತ್ತಾರೆ. ಮಷೀನು ಇಲ್ಲ. ಗಡಿಯಾಚೆ ಮರಾಠಿಯವರು ಇದನ್ನೇ ಗೋಧಡಿ, ವಾಕಳ ಅನ್ನುತ್ತಾರೆ. ಹಾಸಲಿಕ್ಕೂ ಆಗುತ್ತೆ, ಹೊದೆಯಲಿಕ್ಕೂ ಆಗುತ್ತೆ. ಕೂಸಿನ ತೊಟ್ಟಿಲಿಗೆ ಬೇಕಾದರೆ ಸಣ್ಣದು ಹೊಲಿಯುತ್ತಾರೆ. ನಮ್ಮ ಆಯಿ ಕೊನೆಗೆ ನಟ್ಟನಡುವೆ ಸ್ವಲ್ಪ ಜಾಗ ಬಿಟ್ಟು, ಒಳಗೆ ನಾಲ್ಕು ಕಾಳು ಜೋಳ ಹಾಕಿ ಹೊಲಿದು ಮುಚ್ಚುತ್ತಿದ್ದಳು. "ಕೌದಿ ಹೊಟ್ಟಿ ಖಾಲಿ ಇರಬಾರದು" ಅನ್ನುತ್ತಿದ್ದಳು. ಕೌದಿಯ ಹೊಟ್ಟೆಯ ಚಿಂತೆ ಇತ್ತು ಅವಳಿಗೆ. ನಮಗೆ ಹೊಲಿದವರ ಹೊಟ್ಟೆಯ ಚಿಂತೆಯೂ ಇಲ್ಲ.

ಈಗ ಲೆಕ್ಕ. ನಾನು ಮರುದಿನ ಆರು ಮನೆಗೂ ಹೋಗಿ ಕೇಳಿದೆ. ಒಂದು ಕೌದಿಗೆ ಹದಿನೈದು ದಿನ, ದಿನಕ್ಕೆ ನಾಲ್ಕು ತಾಸು. ಹೆಚ್ಚುಕಡಿಮೆ ಎಲ್ಲರೂ ಇದನ್ನೇ ಹೇಳಿದರು. ಅಂದರೆ ೬೦ ತಾಸು. ದಿನಕ್ಕೆ ೮ ತಾಸಿನ ಕೆಲಸ ಅಂತ ಹಿಡಿದರೆ ಏಳೂವರೆ ದಿನದ ದುಡಿಮೆ. ೨೦೨೪-೨೫ರಲ್ಲಿ ಕರ್ನಾಟಕಕ್ಕೆ ನಿಗದಿಯಾಗಿದ್ದ ನರೇಗಾ ಕೂಲಿ ದಿನಕ್ಕೆ ೩೪೯ ರೂಪಾಯಿ. ಮಣ್ಣು ಅಗೆಯುವ ಕೂಲಿ ಅದು, ಕಸುಬಿನ ಕೂಲಿ ಅಲ್ಲ. ಅದನ್ನೇ ಹಾಕಿದರೂ ಒಂದು ಕೌದಿಗೆ ೨,೬೧೭ ರೂಪಾಯಿ. ಹನ್ನೆರಡಕ್ಕೆ ೩೧ ಸಾವಿರದ ಮೇಲಾಗುತ್ತೆ. ದಾರ, ಸೂಜಿಯ ಖರ್ಚು ಬೇರೆ, ಅದನ್ನೂ ಅವರೇ ಚಿಕ್ಕೋಡಿಯಿಂದ ತಂದಿದ್ದರು. ಅಂದರೆ ಆ ದಿನ ಶಾಮಿಯಾನದ ಕೆಳಗೆ ಎಲ್ಲರಿಗಿಂತ ದೊಡ್ಡ ದಾನಿಗಳು ಯಾರು? ಫ್ಲೆಕ್ಸಿನಲ್ಲಿ ಫೋಟೋ ಇದ್ದವರಲ್ಲ. ತೆಂಗಿನಕಾಯಿ ಹಿಡಿದು ನಿಂತಿದ್ದ ಆರು ಜನ. ಅವರ ಅನುಮತಿ ಕೇಳದೆ ಅವರನ್ನು ದಾನಿಗಳನ್ನಾಗಿ ಮಾಡಿದ್ದೆವು.

ಈ ಲೆಕ್ಕವನ್ನು ಬೆಂಗಳೂರಿನ ಗೆಳೆಯರ ಮುಂದಿಟ್ಟಾಗ ಬಂದ ಉತ್ತರಗಳನ್ನು ಒಂದೊಂದಾಗಿ ನೋಡೋಣ. ಇದೇ ಮಾತುಗಳನ್ನು ನೀವೂ ಎಲ್ಲೋ ಕೇಳಿರುತ್ತೀರಿ.

ಒಂದನೇ ಮಾತು: "ಅವರು ಹೇಗೂ ಮಧ್ಯಾಹ್ನ ಮನೇಲಿ ಖಾಲಿ ಕೂತಿರ್ತಾರಲ್ಲ ಗುರೂ."

ಖಾಲಿ? ನಮ್ಮವ್ವನ ದಿನ ಶುರುವಾಗೋದು ಬೆಳಗಿನ ಐದಕ್ಕೆ. ಸಗಣಿ, ಕಸ, ಹಾಲು ಹಿಂಡೋದು, ರೊಟ್ಟಿ ಬಡಿಯೋದು, ಮೇವು ತರೋದು. ಮಧ್ಯಾಹ್ನ ಎರಡು ತಾಸು ಬಿಡುವು. ಆ ಎರಡು ತಾಸು, ಆಮೇಲೆ ರಾತ್ರಿ ಊಟ ಆದಮೇಲೆ ಟ್ಯೂಬ್‌ಲೈಟಿನ ಕೆಳಗೆ ಎರಡು ತಾಸು. ಓಣಿಯ ಇನ್ನಿಬ್ಬರು ದಿನಾ ಕೂಲಿಗೆ ಹೋಗುವವರು. ಅವರು ಹದಿನೈದು ದಿನದಲ್ಲಿ ಮುಗಿಸಬೇಕು ಅಂತ ಕೆಲವು ದಿನ ಕೂಲಿ ಬಿಟ್ಟು ಕೂತರು. ಇದು ನನಗೆ ಆಮೇಲೆ ಗೊತ್ತಾಗಿದ್ದು. ಸೇವೆ ಮಾಡಲಿಕ್ಕೆ ಅವರು ಕೂಲಿ ಕಳೆದುಕೊಂಡರು. ನಾವು ಬೆಂಗಳೂರಿನಿಂದ ರಜೆ ಹಾಕಿ ಬಂದಿದ್ದೆವಲ್ಲ, ಆ ರಜೆಗೆ ನಮಗೆ ಸಂಬಳ ಇತ್ತು.

ಎರಡನೇ ಮಾತು: "ಕೌದಿ ನಮ್ಮ ಸಂಸ್ಕೃತಿ. ಅದು ಪ್ರೀತಿಯಿಂದ ಹೊಲಿಯೋದು. ಅದಕ್ಕೆ ರೇಟು ಕಟ್ಟಬಾರದು."

ಈ ಮಾತು ಕೇಳಲಿಕ್ಕೆ ಬಹಳ ಛಂದ. ಆದರೆ ಸುಳ್ಳು. ಮನೆಯ ಮಕ್ಕಳಿಗೆ, ಬಾಣಂತಿ ಮಗಳಿಗೆ ಪ್ರೀತಿಯಿಂದ ಹೊಲಿಯೋದು ಖರೆ. ಆದರೆ ಉತ್ತರ ಕರ್ನಾಟಕದಲ್ಲಿ ಕೌದಿ ಹೊಲಿಯೋದು ಒಂದು ಕಸುಬು ಕೂಡ. ಗೊಂದಲಿಗರ ಹೆಣ್ಣುಮಕ್ಕಳು ಊರೂರು ತಿರುಗಿ ಕೌದಿ ಹೊಲಿದುಕೊಡುತ್ತಿದ್ದರು. ನಮ್ಮ ಮನೆಗೂ ಸುಗ್ಗಿ ಆದಮೇಲೆ ಬರುತ್ತಿದ್ದರು ಅಂತ ಆಯಿ ಹೇಳುತ್ತಿದ್ದಳು. ಪಡಸಾಲೆಯಲ್ಲಿ ಕೂತು ಹೊಲಿಯುತ್ತಿದ್ದರಂತೆ. ಹೊಲಿಯುವಷ್ಟು ದಿನ ಊಟ, ಚಹಾ, ಎಲೆ-ಅಡಿಕೆ. ಮುಗಿದಮೇಲೆ ಜೋಳ, ಮೇಲೆ ರೊಕ್ಕ. ಜೋಳ ಅಳೆಯುವಾಗ ಜಗಳವೂ ಆಗುತ್ತಿತ್ತಂತೆ! ಓದು ಬರಹ ಬಾರದ ನಮ್ಮ ಆಯಿಗೆ ಗೊತ್ತಿತ್ತು, ಕೌದಿ ಹೊಲಿಸಿಕೊಂಡರೆ ಕೂಲಿ ಕೊಡಬೇಕು ಅಂತ. ಇಂಜಿನಿಯರಿಂಗ್ ಓದಿದ ಮೊಮ್ಮಗ ಅದನ್ನು ಪುಕ್ಕಟೆ ಮಾಡಿಸಿ ಸಂಸ್ಕೃತಿ ಅಂದ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿ ನೋಡಿ. ಮೂಲೆಗಳಲ್ಲಿ ಚಿಕ್ಕ ತ್ರಿಕೋನದ ತುಂಡು ಮಡಚಿ 'ಫೂಲ' ಇಡುತ್ತಾರೆ. ಅದಿಲ್ಲದಿದ್ದರೆ ಕೌದಿ ಪೂರ್ತಿ ಆದಂತೆ ಅಲ್ಲ. ಹೆನ್ರಿ ಡ್ರೂವಲ್ ಅನ್ನೋ ಅಮೆರಿಕದ ಕಲಾ ಇತಿಹಾಸಕಾರರು ಅವುಗಳ ಬಗ್ಗೆ ಬರೆದರು. ೨೦೧೧ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಸೆಂಟರಿನಲ್ಲಿ ಅವುಗಳ ಪ್ರದರ್ಶನ ಆಯಿತು. ಅದಕ್ಕಿಂತ ಮುಂಚೆಯೇ, ೨೦೦೪ರಲ್ಲಿ, ಆ ಹೆಣ್ಣುಮಕ್ಕಳ ಒಂದು ಸಹಕಾರಿ ಗುಂಪು ಕಟ್ಟಿದ್ದರು. ಯಾಕೆ? ಕೌದಿ ಮಾರಿ ನಾಲ್ಕು ಕಾಸು ಅವರ ಕೈಗೆ ಸೇರಲಿ ಅಂತ. ರೇಟು ಕಟ್ಟಿದ್ದರಿಂದ ಅವರ ಕಲೆಗೇನೂ ಮೈಲಿಗೆ ಆಗಲಿಲ್ಲ.

ಮೂರನೇ ಮಾತು: "ಫಾರಿನ್ನಲ್ಲೂ ಹೆಂಗಸರು ಪುಕ್ಕಟೆ ಹೊಲಿದು ದಾನ ಮಾಡ್ತಾರಲ್ಲ?"

ಮಾಡುತ್ತಾರೆ, ನಿಜ. ಅಮೆರಿಕದಲ್ಲಿ ೧೯೯೫ರಲ್ಲಿ ಶುರುವಾದ ಪ್ರಾಜೆಕ್ಟ್ ಲೈನಸ್ ಅಂತ ಇದೆ. ಕಾಯಿಲೆ ಬಿದ್ದ, ನೊಂದ ಮಕ್ಕಳಿಗೆ ಕೈಯಲ್ಲಿ ಮಾಡಿದ ಹೊದಿಕೆ ಕೊಡುತ್ತಾರೆ. ಲೂಥರನ್ ವರ್ಲ್ಡ್ ರಿಲೀಫ್ ಅನ್ನುವ ಸಂಸ್ಥೆಗೆ ಚರ್ಚುಗಳಲ್ಲಿ ಕೂತು ಜನ ಲಕ್ಷಗಟ್ಟಲೆ ಕ್ವಿಲ್ಟ್ ಹೊಲಿದು ಕೊಡುತ್ತಾರೆ, ಅವು ಬೇರೆ ಬೇರೆ ದೇಶಗಳ ನಿರಾಶ್ರಿತರಿಗೆ ಹೋಗುತ್ತವೆ. ಆದರೆ ಒಂದು ವ್ಯತ್ಯಾಸ ಇದೆ ಸ್ವಾಮಿ. ಅಲ್ಲಿ ಕೊಡುವವರೇ ಹೊಲಿಯುತ್ತಾರೆ. ತಮ್ಮ ಬಟ್ಟೆ, ತಮ್ಮ ದಾರ, ತಮ್ಮ ಸಮಯ, ತಮ್ಮ ಬೆರಳು. ಅದು ಅವರ ದಾನ, ಅದಕ್ಕೆ ನನ್ನ ಕೈಮುಗಿತ. ನಾವು ಮಾಡಿದ್ದೇನು? ಹೊಲಿಯುವವರು ಒಬ್ಬರು, ಕೊಡುವವರು ಇನ್ನೊಬ್ಬರು. ಸೇವಾಭಾವ ಬೇಕು ಅಂದರೆ ನೀವೇ ಹೊಲಿಯಿರಿ, ಯಾರು ಬೇಡ ಅಂತಾರೆ? ನಾನೂ ಪ್ರಯತ್ನ ಮಾಡಿದೆ. ಒಂದು ತಾಸಿನಲ್ಲಿ ಒಂದು ಗೇಣು ಹೊಲಿಗೆ, ಅದೂ ಹಾವು ಹರಿದ ಹಾಗೆ, ಜೊತೆಗೆ ಎರಡು ಹನಿ ರಕ್ತ. ಅವ್ವ ನೋಡಿ ನಕ್ಕು ಬಿಚ್ಚಿ ಹಾಕಿದಳು :-)

ನಾಲ್ಕನೇ ಮಾತು: "ಒಂದು ಕೌದಿಗೆ ಎರಡೂವರೆ ಸಾವಿರ ಕೊಟ್ಟರೆ ಅದೇ ದುಡ್ಡಿಗೆ ಎಷ್ಟೋ ಬ್ಲಾಂಕೆಟ್ ಬರ್ತಾವಲ್ಲ!"

ಹಾಂ, ಇದು ಮಾತ್ರ ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಕೊಡುವ ಮುಂಚೆ ೨೦೧೯ಕ್ಕೆ ಹೋಗಬೇಕು.

ಆ ವರ್ಷ ಆಗಸ್ಟ್ ಮೊದಲೆರಡು ವಾರ ನಮ್ಮ ಕಡೆ ಏನಾಯಿತು ಅಂತ ನೆನಪಿರಬಹುದು. ಮಹಾರಾಷ್ಟ್ರದಲ್ಲಿ ಮಳೆ ಹೊಡೆದು ಕೃಷ್ಣಾ, ದೂಧಗಂಗಾ, ವೇದಗಂಗಾ ಮೂರೂ ತುಂಬಿ ಬಂದವು. ಕಲ್ಲೋಳ-ಯಡೂರು ಸೇತುವೆ ಮುಳುಗಿತು. ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ಹೈವೇ ಮೇಲೇ ನೀರು ನಿಂತು ಪುಣೆ-ಬೆಂಗಳೂರು ದಾರಿ ಬಂದ್ ಆಯಿತು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಐದೂ ತಾಲೂಕುಗಳ ಹೊಳೆದಂಡೆಯ ಊರವರು ಶಾಲೆಗಳಲ್ಲಿ, ಗಂಜಿ ಕೇಂದ್ರಗಳಲ್ಲಿ ಮಲಗಿದರು. ನಮ್ಮ ಕರೋಶಿ ಹೊಳೆಯಿಂದ ದೂರ, ಮುಳುಗಲಿಲ್ಲ. ಆದರೆ ನಮ್ಮ ಬೀಗರು, ನೆಂಟರು ಎಲ್ಲಾ ಆ ಕಡೆಯವರೇ.

ನಾನು ಆಗ ತಾನೇ ಕೆಲಸಕ್ಕೆ ಸೇರಿದ್ದೆ. ಆಫೀಸಿನಲ್ಲಿ ಬಟ್ಟೆ ಸಂಗ್ರಹ ಮಾಡಿದರು. ಊರಿನ ಹುಡುಗ ಅಂತ ನನ್ನನ್ನೇ ಲಾರಿ ಜೊತೆ ಕಳಿಸಿದರು. ಎದೆಯುಬ್ಬಿಸಿಕೊಂಡು ಬಂದೆ. ಹೊಳೆದಂಡೆಯ ಒಂದು ಊರಿನ ಶಾಲೆಯಲ್ಲಿ ಚೀಲ ಬಿಚ್ಚಿದರೆ ಏನಿತ್ತು ಅಂತೀರಿ? ಮಂಡಿ ಹರಿದ ಜೀನ್ಸು. ಜಿಪ್ಪು ಕಿತ್ತ ಜಾಕೆಟ್ಟು. ಮದುವೆಯ ಶೇರವಾನಿ. ಮಿಂಚುವ ಪಾರ್ಟಿ ಗೌನು. ಒಗೆಯದ ಬನಿಯನ್ನು. ಕಂಪನಿ ಹೆಸರು ಬರೆದ ಟೀ ಶರ್ಟು ಒಂದು ರಾಶಿ. ಒಂದು ಚೀಲದಲ್ಲಿ ಎಡಗಾಲಿನ ಬೂಟು ಒಂದೇ ಇತ್ತು.

ವಯಸ್ಸಾದ ಹೆಂಗಸೊಬ್ಬರು ಬಹಳ ಹೊತ್ತು ಆ ರಾಶಿಯಲ್ಲಿ ಕೈಯಾಡಿಸಿದರು. ಬಟ್ಟೆಯನ್ನು ಬೆರಳ ನಡುವೆ ತಿಕ್ಕಿ ನೋಡಿ ನೋಡಿ ಕೆಳಗೆ ಹಾಕುತ್ತಿದ್ದರು. ಕೊನೆಗೆ ನನ್ನ ಮುಖ ನೋಡಿ ಅಂದರು: "ತಮ್ಮಾ, ಇದರಾಗ ಒಂದ್ ಕೌದಿ ಹೊಲ್ಯಾಕ ಬರೂವಂಥ ಅರಿವಿನೂ ಇಲ್ಲಲ್ಲೋ."

ಅದು ನನಗೆ ಆಗ ಅರ್ಥ ಆಗಲಿಲ್ಲ. ಈಗ ಆಗುತ್ತೆ. ನಮ್ಮ ಕಡೆ ಬಟ್ಟೆಗೆ ಕೊನೆಯ ದರ್ಜೆ ಅಂದರೆ ಕೌದಿ. ಉಡಲಿಕ್ಕೆ ಬಾರದ್ದು ಕೌದಿಗೆ ಹೋಗುತ್ತೆ. ನಾವು ಕಳಿಸಿದ್ದು ಆ ದರ್ಜೆಗೂ ಇಳಿಯದ ಮಾಲು. ಸೂಜಿ ಹೋಗದ ಜೀನ್ಸು, ಬೆವರು ಹೀರದ ನೈಲಾನು. ಬೆಂಗಳೂರಿನ ಕಪಾಟು ಖಾಲಿ ಮಾಡಲಿಕ್ಕೆ ಚಿಕ್ಕೋಡಿಯ ಪ್ರವಾಹ ಒಂದು ನೆಪ ಆಗಿತ್ತು.

ಇದು ನಮ್ಮಲ್ಲಿ ಮಾತ್ರ ಅಂತ ತಿಳಿಯಬೇಡಿ. ೨೦೦೪ರ ಸುನಾಮಿ ಆದಮೇಲೆ ತಮಿಳುನಾಡಿನಲ್ಲಿ ದಾನಕ್ಕೆ ಬಂದ ಹಳೇ ಬಟ್ಟೆ ರಸ್ತೆ ಬದಿ ರಾಶಿ ರಾಶಿ ಬಿದ್ದಿತ್ತು. ಅದನ್ನು ಎತ್ತಿ, ಆರಿಸಿ, ಉಪಯೋಗಕ್ಕೆ ತಂದವರು ದೆಹಲಿಯ ಗೂಂಜ್ ಸಂಸ್ಥೆಯವರು. ೧೯೯೯ರಲ್ಲಿ ಅದನ್ನು ಕಟ್ಟಿದ ಅಂಶು ಗುಪ್ತಾ ಅವರಿಗೆ ೨೦೧೫ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು ಹಳೇ ಬಟ್ಟೆಯಿಂದ ಸುಜನಿ ಅಂತ ಕೌದಿಯಂಥದ್ದೇ ಹಾಸಿಗೆ ಹೊಲಿಸುತ್ತಾರೆ. ಅವರ ಇನ್ನೊಂದು ಪದ್ಧತಿ ನನಗೆ ಬಹಳ ಹಿಡಿಸಿದ್ದು. ಊರಿನವರು ಸೇರಿ ತಮ್ಮೂರಿನ ಬಾವಿಯನ್ನೋ ರಸ್ತೆಯನ್ನೋ ದುರಸ್ತಿ ಮಾಡುತ್ತಾರೆ, ಬಟ್ಟೆ ಅವರಿಗೆ ಆ ದುಡಿಮೆಯ ಪ್ರತಿಫಲವಾಗಿ ಸಿಗುತ್ತೆ, ಭಿಕ್ಷೆಯಾಗಿ ಅಲ್ಲ. ಅಲ್ಲಿ ದುಡಿಮೆಗೆ ಬೆಲೆ ಇದೆ. ನಮ್ಮ ಶಾಮಿಯಾನದ ಕೆಳಗೆ ಇರಲಿಲ್ಲ.

ಮತ್ತೆ ೨೦೨೪ಕ್ಕೆ ಬನ್ನಿ. ಐದು ವರ್ಷದಲ್ಲಿ ನಾವೇನು ಕಲಿತೆವು? ಬೆಂಗಳೂರಿನಿಂದ ಬಂದ ಮೂರು ಚೀಲ ಸೀರೆಯಲ್ಲಿ ಮುಕ್ಕಾಲು ಭಾಗ ಜಾರ್ಜೆಟ್ಟು, ಪಾಲಿಯೆಸ್ಟರು. ಒಳಪದರಕ್ಕೆ ನೂಲಿನ ಅರಿವಿ ಸಾಲದೆ ಆರು ಹೆಂಗಸರೂ ತಮ್ಮ ಟ್ರಂಕಿನ ಹಳೇ ನೂಲಿನ ಸೀರೆ ತೆಗೆದು ಹಾಕಿದರಂತೆ. ಅಂದರೆ ದುಡಿಮೆಯಷ್ಟೇ ಅಲ್ಲ, ಬಟ್ಟೆಯೂ ಅವರದ್ದೇ! ಹಾಗಾದರೆ ನಾವು ಕೊಟ್ಟಿದ್ದೇನು, ಫ್ಲೆಕ್ಸ್ ಒಂದೇನಾ?

ಈಗ ಬ್ಲಾಂಕೆಟ್ ಪ್ರಶ್ನೆ. ಹೌದು, ಹರಿಯಾಣದ ಪಾಣಿಪತ್ತಿನಲ್ಲಿ ಹೊರದೇಶಗಳ ಹಳೇ ಉಣ್ಣೆ ಬಟ್ಟೆ ಚೂರು ಮಾಡಿ ನೂತು ಅಗ್ಗದ ಕಂಬಳಿ ಮಾಡುತ್ತಾರೆ. ದೇಶದಲ್ಲಿ ಎಲ್ಲಿ ವಿಪತ್ತು ಆದರೂ ಅವು ಹೋಗುತ್ತವೆ. ಪ್ರವಾಹದ ಮೊದಲ ವಾರ ಅದೇ ಸರಿ. ಜನ ಒದ್ದೆಯಲ್ಲಿ ಕೂತಾಗ ಹದಿನೈದು ದಿನ ಹಿಡಿಯುವ ಕೌದಿಗೆ ಕಾಯಿರಿ ಅನ್ನೋದು ಮೂರ್ಖತನ. ಕೌದಿ ನೆನೆದರೆ ಕಲ್ಲಿನಷ್ಟು ಭಾರ, ಮಳೆಗಾಲದಲ್ಲಿ ಒಣಗೋದೂ ಇಲ್ಲ. ಇದನ್ನು ನಾನು ಒಪ್ಪುತ್ತೇನೆ. ಬರೀ ಬೆಚ್ಚಗಿನ ಹೊದಿಕೆ ಬೇಗ, ಹೆಚ್ಚು ಜನಕ್ಕೆ ಬೇಕು ಅಂದರೆ ಕಂಬಳಿ ಕೊಡಿ. ಕೌದಿಯ ಹೆಸರೇ ಎತ್ತಬೇಡಿ.

ಆದರೆ ಕಬ್ಬು ಕಡಿಯುವವರ ವಿಷಯ ಬೇರೆ. ಬೀಡ್ ಕಡೆಯಿಂದ, ಇನ್ನೂ ಎಲ್ಲೆಲ್ಲಿಂದಲೋ ಗಂಡ, ಹೆಂಡತಿ, ಕೂಸು ಸಮೇತ ಬಂದು ತಿಂಗಳುಗಟ್ಟಲೆ ಹೊಲದ ಬದಿಯ ಗುಡಿಸಿಲಿನಲ್ಲಿ ಇರುತ್ತಾರೆ. ಬರಿ ನೆಲ, ಕೆಳಗಿಂದ ಥಂಡಿ. ಅವರಿಗೆ ಹೊದೆಯುವುದಕ್ಕಿಂತ ಹಾಸುವುದು ಮುಖ್ಯ. ಪಕ್ಕದಲ್ಲೇ ಒಲೆ. ಪಾಲಿಯೆಸ್ಟರ್ ಬ್ಲಾಂಕೆಟ್ಟಿಗೆ ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತೆ. ಕೌದಿ ಹರಿದರೆ ಅವರೇ ಒಂದು ತುಂಡು ಹಚ್ಚಿ ಹೊಲಿದುಕೊಳ್ಳುತ್ತಾರೆ, ಮುಂದಿನ ವರ್ಷವೂ ಬರುತ್ತೆ, ಅದರ ಮುಂದಿನ ವರ್ಷವೂ ಬರುತ್ತೆ. ಇನ್ನೂ ಒಂದು ಮಾತು. ಬ್ಲಾಂಕೆಟ್ಟಿಗೆ ಕೊಟ್ಟ ಎರಡೂವರೆ ಸಾವಿರ ಊರು ಬಿಟ್ಟು ಹೋಗುತ್ತೆ. ಕೌದಿಗೆ ಕೊಟ್ಟ ಎರಡೂವರೆ ಸಾವಿರ ಇದೇ ಊರಿನ ಒಬ್ಬ ಹೆಂಗಸಿನ ಕೈಗೆ ಬರುತ್ತೆ. ಪ್ರವಾಹ ಆಗಿ ಕಬ್ಬು ಕೊಳೆತು ಎರಡು ತಿಂಗಳು ಕೂಲಿ ಇಲ್ಲದೆ ಕೂತ ಹೆಂಗಸಿಗೆ ಆ ಕೆಲಸ ಸಿಕ್ಕರೆ ಒಂದೇ ದುಡ್ಡಿನಲ್ಲಿ ಎರಡು ಮನೆಗೆ ನೆರವು. ಕೌದಿ ದುಬಾರಿ ಆದರೂ ಕೊಡಬೇಕು ಅನ್ನಲಿಕ್ಕೆ ಇರುವ ದೊಡ್ಡ ಕಾರಣ ಇದೇ. ಕೂಲಿ ಕೊಡದಿದ್ದರೆ ಆ ಕಾರಣವೇ ಬಿದ್ದುಹೋಗುತ್ತೆ.

ಸರ್ಕಾರದ ಲೆಕ್ಕವೂ ಒಮ್ಮೆ ನೋಡಿ. ವಿಪತ್ತು ಪರಿಹಾರ ನಿಧಿಯ ನಿಯಮದಲ್ಲಿ ೨೦೧೯ರ ಹೊತ್ತಿಗೆ ಮನೆ ಮುಳುಗಿದ ಒಂದು ಕುಟುಂಬದ ಬಟ್ಟೆಬರೆಗೆ ಇದ್ದ ಮೊತ್ತ ೧,೮೦೦ ರೂಪಾಯಿ. ೨೦೨೨ರ ನಂತರ ೨,೫೦೦. ೨೦೧೯ರಲ್ಲಿ ರಾಜ್ಯ ಸರ್ಕಾರ ತುರ್ತು ಪರಿಹಾರ ಅಂತ ಕುಟುಂಬಕ್ಕೆ ೧೦ ಸಾವಿರ ಕೊಟ್ಟಿತು, ಅದು ಬೇರೆ. ಆದರೆ ನಿಯಮದ ಪ್ರಕಾರ ಇಡೀ ಮನೆಯ ಬಟ್ಟೆಗೆ ಕಟ್ಟಿದ ಬೆಲೆಯಲ್ಲಿ ಸರಿಯಾದ ಕೂಲಿಯ ಒಂದು ಕೌದಿಯೂ ಬರೋದಿಲ್ಲ. ಒಂದೊಂದು ಮನೆಯಲ್ಲಿ ಆರೇಳು ಕೌದಿ ತೇಲಿಹೋಗಿದ್ದವು. ಅವು ಯಾವ ಪಂಚನಾಮೆಯಲ್ಲಿ ಎಣಿಕೆ ಆಗುತ್ತವೆ? ಹಳೇ ಸೀರೆಯಿಂದ ಮನೆಯಲ್ಲೇ ಹೊಲಿದದ್ದು, ಅದಕ್ಕೇನು ಬೆಲೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸರ್ಕಾರ ಹಾಗೆ ಅಂದುಕೊಂಡಿತು, ನಾನೂ ಹಾಗೇ ಅಂದುಕೊಂಡೆ.

ಮನೆಯಲ್ಲಿ ಕೂತು ಮಾಡಿದ್ದು ಕೆಲಸವೇ ಅಲ್ಲ ಅನ್ನುವ ಈ ಮಾತನ್ನು ನಮ್ಮ ಪಕ್ಕದ ನಿಪ್ಪಾಣಿಯವರು ಎಂದೋ ಒಡೆದರು. ಮನೆಯಲ್ಲಿ ಕೂತು ಬೀಡಿ ಸುತ್ತುವವರನ್ನೂ ಕಾರ್ಮಿಕರು ಅಂತ ಒಪ್ಪುವ ಕಾನೂನು ೧೯೬೬ರಲ್ಲೇ ಬಂತು. ೧೯೮೦ರ ದಶಕದ ಹೊತ್ತಿಗೆ ನಿಪ್ಪಾಣಿಯ ತಂಬಾಕು, ಬೀಡಿ ಕೆಲಸದ ಹೆಣ್ಣುಮಕ್ಕಳು ಸಂಘ ಕಟ್ಟಿ ಬೀದಿಗಿಳಿದರು. ಅವರ ಮೇಲೆ ೧೯೮೨ರಲ್ಲಿ ದೀಪಾ ಧನರಾಜ್ ಮತ್ತು ಗೆಳತಿಯರ ಯುಗಾಂತರ್ ತಂಡ ಸಿನಿಮಾನೇ ಮಾಡಿತು. ಸಾವಿರ ಬೀಡಿಗೆ ಇಷ್ಟು ಅಂತ ದರ ಕೇಳೋದು ಅವರಿಗೆ ಗೊತ್ತಿತ್ತು. ಕೌದಿಗೆ ಇಷ್ಟು ಅಂತ ಕೇಳೋದು ನಮ್ಮವ್ವನಿಗೆ ಯಾಕೆ ಆಗಲಿಲ್ಲ? ಯಾಕೆಂದರೆ ಕೇಳಬೇಕಾದದ್ದು ಬೀಡಿ ಸಾಹುಕಾರನನ್ನಲ್ಲ, ಮಗನನ್ನು. ಅದಕ್ಕೇ ನನಗೆ ಸಿಟ್ಟು ಬರೋದು. ಸೇವೆ, ಪ್ರೀತಿ, ಊರಿನ ಮಗ, ಇವನ್ನೆಲ್ಲಾ ಮುಂದೆ ಮಾಡಿದರೆ ಹೆಂಗಸರು ಬಾಯಿ ಮುಚ್ಚುತ್ತಾರೆ ಅಂತ ನಮಗೆ ಚೆನ್ನಾಗಿ ಗೊತ್ತು.

ಬೈದದ್ದು ಸಾಕು. ಕೌದಿ ದಾನ ಮಾಡಬೇಕು ಅನ್ನುವವರು ದಯವಿಟ್ಟು ಇಷ್ಟು ಮಾಡಿ:

೧. ಮೊದಲು ಕೂಲಿ ಮಾತಾಡಿ. ಆ ವರ್ಷದ ಸರ್ಕಾರಿ ಕೂಲಿಗಿಂತ ಒಂದು ಪೈಸೆ ಕಡಿಮೆ ಬೇಡ. ಅರ್ಧ ಮುಂಗಡ ಕೊಡಿ. ಯಾರಾದರೂ ತಾವಾಗಿಯೇ ಬೇಡ ಅಂದರೆ ಅದು ಅವರ ದಾನ. ನೀವು ಮೊದಲೇ ಬೇಡ ಅನ್ನಿಸಬೇಡಿ.

೨. ನೂಲಿನ ಬಟ್ಟೆ ಮಾತ್ರ, ಒಗೆದು, ಇಸ್ತ್ರಿ ಇಲ್ಲದಿದ್ದರೂ ಮಡಚಿ ಕೊಡಿ. ನಿಮ್ಮ ಕೂಸನ್ನು ಅದರ ಮೇಲೆ ಮಲಗಿಸುತ್ತೀರಾ ಅಂತ ಕೇಳಿಕೊಳ್ಳಿ. ಉತ್ತರ ಇಲ್ಲ ಅಂತಾದರೆ ಚೀಲಕ್ಕೆ ಹಾಕಬೇಡಿ.

೩. ದಾರ, ಸೂಜಿ ನಿಮ್ಮ ಖರ್ಚು.

೪. ಸೆಪ್ಟೆಂಬರಿನಲ್ಲೇ ಹೊಲಿಯಲು ಕೊಡಿ, ನವೆಂಬರಿನಲ್ಲಿ ಗ್ಯಾಂಗು ಬಂದ ದಿನವೇ ಗುಡಿಸಿಲಿಗೆ ಮುಟ್ಟಿಸಿ. ಅರ್ಧ ಚಳಿ ಕಳೆದಮೇಲೆ ಸಾಲಾಗಿ ನಿಲ್ಲಿಸಿ ಕೊಡುವ ಶಾಮಿಯಾನ ಬೇಡ. ಅದರ ಬಾಡಿಗೆಯಲ್ಲಿ ಇನ್ನೊಂದು ಕೌದಿ ಬರುತ್ತೆ.

ಕೊನೆಗೆ ನಾನೇನು ಮಾಡಿದೆ ಅಂತ ಕೇಳುತ್ತೀರಿ. ಬೆಂಗಳೂರಿನ ಆ ಗುಂಪಿನಲ್ಲಿ ಮೂವರು ಒಪ್ಪಿದರು. ನಾಲ್ವರು ಸೇರಿ ದುಡ್ಡು ಹಾಕಿದೆವು. ೨೦೨೫ರ ಸಂಕ್ರಾಂತಿಗೆ ಊರಿಗೆ ಹೋದಾಗ ಆರು ಮನೆಗೂ ಹೋಗಿ ಎರಡೆರಡು ಕೌದಿಯ ಕೂಲಿ ಕೊಟ್ಟೆ. ಎಲ್ಲರೂ ಕಣ್ಣೀರು ಹಾಕಿ ಹರಸಿದರು ಅಂತ ಬರೆದರೆ ನಿಮಗೆ ಖುಷಿ ಆಗಬಹುದು. ಹಾಗೇನೂ ಆಗಲಿಲ್ಲ. ಇಬ್ಬರು ಅನುಮಾನದಿಂದ ನೋಡಿದರು, ಮುಂದೆ ಏನಾದರೂ ಸಹಿ ಮಾಡಿಸಿಕೊಳ್ಳುತ್ತಾನೇನೋ ಅಂತ. ಪಕ್ಕದ ಮನೆ ಕಾಕು ಮಾತ್ರ ನೋಟು ಎರಡು ಸಲ ಎಣಿಸಿ, ಸೆರಗಿಗೆ ಕಟ್ಟಿಕೊಂಡು ಅಂದರು:

"ಯಪ್ಪಾ, ಕೂಲಿ ಕೊಡತೀವಂತ ಮೊದಲ ಹೇಳಿದ್ರ ಇನ್ನೂ ಸಣ್ಣ ಹೊಲಿಗಿ ಹಾಕತಿದ್ನೆಲ್ಲೋ. ಪುಕ್ಕಟೆ ಅಂತ ಹೇಳಿ ದೂರ ದೂರ ಹಾಕೀನಿ."

ಅಂದರೆ ಆ ಚಳಿಯಲ್ಲಿ ಗುಡಿಸಿಲಿನಲ್ಲಿ ಮಲಗಿದ್ದ ಯಾವುದೋ ಕೂಸಿಗೆ ಸಿಕ್ಕಿದ್ದು ಸಡಿಲ ಹೊಲಿಗೆಯ ಕೌದಿ. ತಪ್ಪು ಕಾಕುದಲ್ಲ.

ಮನೆಗೆ ಬಂದು ಅವ್ವನನ್ನು ಕೇಳಿದೆ. "ನೀನೂ ದೂರ ದೂರ ಹಾಕಿದ್ಯೇನ?" ಅವಳು ರೊಟ್ಟಿ ಬಡಿಯುತ್ತಿದ್ದಳು. ನನ್ನ ಕಡೆ ನೋಡಲೂ ಇಲ್ಲ. "ಬಿಸಿ ಐತಿ, ಊಟಕ್ಕ ಕೂಡ" ಅಂದಳು.